ಕೆರೆಯೊಳಗಿನ ಕೆಳಬೀದಿ

ಆ ಊರಿನಲ್ಲಿ ನಾನು ಮೊದಲು ಹಂಚಬೇಕಾಗಿ ಬಂದದ್ದು ಒಂದು ಮದುವೆಯ ಕರೆಯೋಲೆ. ಲಕೋಟೆಯ ಮೇಲೆ ಹಳೆಯ ಕಾಲದ ದುಂಡನೆಯ ಅಕ್ಷರದಲ್ಲಿ ಮನೆತನದ ಹೆಸರು, ಅದರ ಕೆಳಗೆ 'ಕೆಳಬೀದಿ' ಎಂದು ಬರೆದಿತ್ತು. ಅಂಚೆ ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತು ಅಷ್ಟೆ. ಬೀದಿ ಕೇಳಿಕೊಂಡು ಹೋದರೆ ಹೊಸಬಳೆಂದು ಗೊತ್ತಾಗುತ್ತದಲ್ಲ ಎಂಬ ಸಂಕೋಚ. ಮೇಲುಬೀದಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಶಾಲೆಯ ಹಿಂದೆ ಸುತ್ತಿದೆ. ಹುಣಸೆ ಮರದ ಬಳಿ ಮನೆಗಳು ಮುಗಿದವು; ಮುಂದೆ ಕೆರೆ. ಮತ್ತೆ ಹಿಂದಕ್ಕೆ ಬಂದೆ. ಮೂರನೆಯ ಸಲ ಹುಣಸೆ ಮರದ ಹತ್ತಿರ ಹೋದಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು.

"ಏನ್ ಉಡುಕ್ತಿದ್ದೀರಿ ಪೋಸ್ಟಮ್ಮ?" ಎಂದು ಒಬ್ಬಳು ಕೇಳಿದಳು.

"ಕೆಳಬೀದಿ ಎಲ್ಲಿ ಬರುತ್ತೆ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಮೇಲೆ ಆಕೆ ಒದ್ದೆ ಕೈಯನ್ನು ಎತ್ತಿ ನೀರಿನ ಕಡೆ ತೋರಿಸಿದಳು. ಮಧ್ಯಾಹ್ನದ ಬಿಸಿಲಲ್ಲಿ ಕೆರೆ ತಗಡಿನ ಹಾಗೆ ಹೊಳೆಯುತ್ತಿತ್ತು. ಅಲ್ಲಿ ಬೀದಿ ಇರಲಿಲ್ಲ. ಒಂದು ನೀರುಕಾಗೆ ಮುಳುಗಿ, ಬಹಳ ಹೊತ್ತಿನ ಮೇಲೆ ಇನ್ನೆಲ್ಲೋ ಎದ್ದಿತು.

"ಆ ಬೀದಿ ಮುಳುಗಿ ಐವತ್ ವರ್ಸ ಆಗದೆ. ಕಾಗ್ದ ನಿಮ್ಮ ಆಪೀಸಿರೋ ಅಟ್ಟಿಗೇ ಬಂದಿರ್ತದೆ. ಅಲ್ಲೇ ಕೊಟ್ಬುಡಿ."

ಹಾಗೆ ನಾನು ಊರೆಲ್ಲ ಸುತ್ತಿ, ಹೊರಟ ಬಾಗಿಲಿಗೇ ಬಂದು ಕರೆಯೋಲೆ ಕೊಟ್ಟೆ.

ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆದರೆ ಆ ಊರು. ಒಂದು ಪಕ್ಕಕ್ಕೆ ನೀರು, ಇನ್ನೊಂದು ಪಕ್ಕಕ್ಕೆ ತಗ್ಗಿನಲ್ಲಿ ಗದ್ದೆ ಬಯಲು, ಏರಿ ಮುಗಿದಲ್ಲಿ ದಿಬ್ಬದ ಮೇಲೆ ನೂರು ಮನೆ ಇದ್ದಾವು. ನಾನು ಹುಟ್ಟಿ ಬೆಳೆದದ್ದು ನಂಜನಗೂಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಅಪ್ಪ ಪೂಜೆಯ ಮನೆತನದವರು. ಹೊಳೆಯ ದಂಡೆಯಲ್ಲಿ ಬೆಳೆದ ನನಗೆ ನೀರೆಂದರೆ ಯಾವಾಗಲೂ ಎಲ್ಲಿಗೋ ಹೊರಟಿರುವ ವಸ್ತು. ಬಂದು ಕೂತು, ಹೋಗದೆ ಉಳಿದ ಇಷ್ಟೊಂದು ನೀರನ್ನು ದಿನವೂ ಎದುರಿಗೆ ಇಟ್ಟುಕೊಂಡು ಬದುಕಿದ್ದು ಅದೇ ಮೊದಲು. ಬೆಳಿಗ್ಗೆ ಮಂಜಿನಲ್ಲಿ ಕೆರೆ ಇರುತ್ತಿರಲಿಲ್ಲ. ಬಿಸಿಲೇರಿದಂತೆ ಸ್ವಲ್ಪ ಸ್ವಲ್ಪವಾಗಿ ಬರುತ್ತಿತ್ತು. ಮೊಹರು ಹಾಕುತ್ತಾ ಕೂತವಳು ತಲೆ ಎತ್ತಿದರೆ ಅರ್ಧ ಕೆರೆ, ಇನ್ನೊಮ್ಮೆ ಎತ್ತಿದರೆ ಪೂರ್ತಿ ಕೆರೆ.

ಊರಿನವರು ಆಫೀಸಿಗೆ ತೋರಿಸಿದ ಜಾಗ ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆ. ನಾನು ಊರಲ್ಲೇ ಇರಬೇಕೆಂಬ ನಿಯಮವಿದ್ದುದರಿಂದ ಪಕ್ಕದ ಇನ್ನೊಂದು ಕೋಣೆಯಲ್ಲಿ ನನ್ನ ವಾಸ. ಅಜ್ಜಿಯ ಗಂಡ ಆ ಕೆರೆಯ ನೀರುಗಂಟಿಯಾಗಿದ್ದವರು. ಕೆರೆಯ ತೂಬು ತೆಗೆದು, ಮುಚ್ಚಿ, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವ ಕೆಲಸ. ಅವರ ಅಪ್ಪ, ಅಜ್ಜ ಮಾಡಿದ್ದೂ ಅದನ್ನೇ. ಯಾರ ಮನೆಯಲ್ಲಿ ಇರುತ್ತೀಯ ಎಂದು ಅಪ್ಪ ಫೋನಿನಲ್ಲಿ ಕೇಳಿದರು. ಹೇಳಿದೆ. ನೀರುಗಂಟಿಯ ಮನೆಯೇ ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ, "ಮಳೆ ಬಂದರೆ ಸೋರುವುದಿಲ್ಲ ತಾನೆ?" ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ನನಗೆ ದೊಡ್ಡದಾಗಿತ್ತು.

ನೀರುಗಂಟಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅಜ್ಜಿ, ಮಗ, ಸೊಸೆ. ಮಗ ತಾಂಡವಪುರದ ಹತ್ತಿರ ಒಂದು ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಸೊಸೆ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದರು. ಹಗಲೆಲ್ಲ ನಾನೂ ಅಜ್ಜಿಯೂ ಎದುರುಬದುರು. ನಾನು ಮೇಜಿನ ಹಿಂದೆ, ಆಕೆ ಹೊಸ್ತಿಲ ಬಳಿ, ಮಡಿಲಲ್ಲಿ ಅವರೆಕಾಯಿಯ ಮೊರ. ಮಾತಿನ ನಡುವೆ ಆಕೆ ಕೆಳಬೀದಿಯನ್ನು ಈಗಲೂ ಇರುವ ಹಾಗೆ ತರುತ್ತಿದ್ದಳು. "ಅದು ಕೆಳಬೀದಿ ಬಾವಿ ಅಟ್ಟು ದೂರ ಆಯ್ತದೆ" ಎನ್ನುವಳು. "ಅವ್ರು ನಮ್ಮ ಗೋಡೆ ಪಕ್ಕದೋರು" ಎನ್ನುವಳು. ಆ ಪಕ್ಕದವರ ಮನೆ ನೋಡಿದರೆ ಈಗ ಊರಿನ ಆಚೆ ತುದಿಯಲ್ಲಿರುತ್ತಿತ್ತು. ನನಗೆ ಎರಡು ಊರಿನಲ್ಲಿ ಒಟ್ಟಿಗೆ ಓಡಾಡಿದ ಹಾಗಾಗುತ್ತಿತ್ತು. ಕಾಣುವುದು ಒಂದು, ಅದರ ಕೆಳಗೆ ನೀರಿನಲ್ಲಿ ಅಲುಗುವ ಇನ್ನೊಂದು.

ಬಿಡುವಿನ ಹೊತ್ತಿನಲ್ಲಿ, ಖಾಲಿ ಫಾರಂಗಳ ಹಿಂಬದಿಯಲ್ಲಿ ನಾನು ಊರಿನ ಕಥೆ ಬರೆದುಕೊಳ್ಳತೊಡಗಿದ್ದು ಹೀಗೆ. ಯಾರೂ ಹೇಳಿದ್ದಲ್ಲ, ಯಾರಿಗೂ ಒಪ್ಪಿಸಬೇಕಾದದ್ದೂ ಅಲ್ಲ. ಕೆರೆ ಕಟ್ಟಿಸಿದವರು ಯಾರು ಎಂದು ಕೇಳಿದರೆ ಮೇಲುಬೀದಿಯ ಹಿರಿಯ ರೈತರೊಬ್ಬರು, ಮಠಕ್ಕೆ ನಡೆದುಕೊಳ್ಳುವ ಮನೆತನದವರು, ಒಬ್ಬ ಜಂಗಮ ತನ್ನ ಜೋಳಿಗೆಯ ಮಣ್ಣು ಕೊಡವಿದ್ದರಿಂದ ಏರಿ ಎದ್ದಿತು ಎಂದರು. ಮೀನು ಹಿಡಿಯುವವನೊಬ್ಬ, ಅದೆಲ್ಲ ಇಲ್ಲ, ತನ್ನ ಮುತ್ತಜ್ಜಿ ಏಡಿಯ ಬಿಲ ಕೆದಕಿದಾಗ ಉಕ್ಕಿದ ನೀರು ಎಂದ. ನಾನು ಎರಡನ್ನೂ ಬರೆದುಕೊಂಡೆ. ಕೆಳಬೀದಿಯ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಕಬಿನಿಯ ನಾಲೆ ನೀರು ಈ ಕಡೆ ಬಂದಾಗ ಏರಿಯನ್ನು ಎತ್ತರಿಸಿದರು, ಕೆರೆ ದೊಡ್ಡದಾಯಿತು, ಕೆಳಬೀದಿಯವರಿಗೆ ದಿಬ್ಬದ ಮೇಲೆ ಜಾಗ ಕೊಟ್ಟರು, ಬೀದಿ ಮುಳುಗಿತು. ಇಷ್ಟೇ. ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಅಜ್ಜಿಯನ್ನು ಕೇಳಿದರೆ ಅವರೆಕಾಳು ಎಣಿಸುವವಳ ಹಾಗೆ ತಲೆ ತಗ್ಗಿಸಿ, "ಮುಳುಗ್ತು ಕಣವ್ವ. ಅದ್ರಲ್ಲೇನದೆ ಯೋಳಾಕೆ" ಎಂದು ಎದ್ದು ಒಳಗೆ ಹೋಗುತ್ತಿದ್ದಳು.

ನಾನು ಹೋದ ಆರನೆಯ ವರ್ಷವೋ ಏಳನೆಯ ವರ್ಷವೋ, ಬೇಸಗೆಯಲ್ಲಿ ತೂಬಿನ ಕಲ್ಲು ಜರುಗಿ ನೀರು ಸೋರತೊಡಗಿತು. ದುರಸ್ತಿಗೆಂದು ಕೆರೆಯನ್ನು ಪೂರ್ತಿ ಖಾಲಿ ಮಾಡಬೇಕಾಯಿತು. ಮೂರು ವಾರ ನೀರು ಇಳಿಯಿತು. ದಿನಕ್ಕೊಂದಿಷ್ಟು ನೆಲ ಹೊರಬರುತ್ತಿತ್ತು. ಮೊದಲು ಕಪ್ಪು ಕೆಸರು, ಆಮೇಲೆ ಬಿರುಕು ಬಿಟ್ಟ ಬೂದು ಮಣ್ಣು. ಗಾಳಿಗೆ ಪಾಚಿಯ ವಾಸನೆ. ಮೀನು ಹಿಡಿಯುವ ಗಲಾಟೆ ಎರಡು ದಿನ ನಡೆದು ತಣ್ಣಗಾಯಿತು. ಆಮೇಲೆ ಕೆರೆಯ ಅಂಗಳದಲ್ಲಿ ದೊಡ್ಡ ಮೌನ ಕವಿಯಿತು. ಮೇಲಿನಿಂದ ನೋಡಿದರೆ ಆ ಬೂದು ಬಯಲಿನ ಒಂದು ಭಾಗದಲ್ಲಿ ನೇರವಾದ ಗೆರೆಗಳು ಕಾಣಿಸತೊಡಗಿದವು. ಗೋಡೆಗಳ ಬುಡ. ದಿಬ್ಬದಿಂದ ಅವು ಬೆಳಗಿನ ಓರೆ ಬಿಸಿಲಿಗೆ ಮಾತ್ರ ಕಾಣುತ್ತಿದ್ದವು, ಹೊತ್ತೇರಿದರೆ ಮಾಯ.

ರೈತರು ಹೂಳು ಮಣ್ಣನ್ನು ಹೊಲಗಳಿಗೆ ಸಾಗಿಸಲು ಟ್ರ್ಯಾಕ್ಟರ್ ಇಳಿಸಿದರು. ಕೆರೆಯ ಮಣ್ಣು ಬಿದ್ದರೆ ಹೊಲ ಚೆನ್ನಾಗಿ ಬೆಳೆಯುತ್ತದೆ. ಏರಿಯ ಕಡೆಯಿಂದ ಕೆತ್ತುತ್ತಾ ದಿನದಿನಕ್ಕೆ ಗೆರೆಗಳ ಹತ್ತಿರ ಬರುತ್ತಿದ್ದರು. ಒಂದು ಬೆಳಿಗ್ಗೆ ನಾನು ಚೀಲದ ಬೀಗ ತೆಗೆಯುತ್ತಿದ್ದಾಗ ಅಜ್ಜಿ ತಲೆಗೆ ಸೆರಗು ಹೊದ್ದು, ಕೈಯಲ್ಲಿ ಗಂಡನ ಹಳೆಯ ಕೋಲು ಹಿಡಿದು ನಿಂತಿದ್ದಳು.

"ಒಸಿ ನನ್ ಜೊತೇಲಿ ಬತ್ತೀಯಾ?"

"ಎಲ್ಲಿಗಜ್ಜಿ?"

"ನಮ್ಮಟ್ಟಿಗೆ."

ಮಗನನ್ನಾಗಲಿ ಸೊಸೆಯನ್ನಾಗಲಿ ಆಕೆ ಕರೆಯಲಿಲ್ಲ. ಊಟದ ಹೊತ್ತಿಗೆ ಆಫೀಸು ಮುಚ್ಚಿ ಹೊರಟೆವು. ಆಕೆ ಕೆರೆಯ ಮೆಟ್ಟಿಲಿಳಿದು ವರ್ಷಗಳಾಗಿದ್ದವು. ಮಂಡಿ ನೋವು. ಕೊನೆಯ ಮೆಟ್ಟಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, ನೆಲಕ್ಕೆ ಕಾಲಿಟ್ಟಳು. ಬಿರುಕಿನ ಮಣ್ಣು ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಹೆಜ್ಜೆ ಇಟ್ಟಲ್ಲೆಲ್ಲ ಸ್ವಲ್ಪ ಒಳಗಿಳಿದು ಮತ್ತೆ ಏಳುತ್ತಿತ್ತು. ಬಿಸಿಲಿನಲ್ಲಿ ದಿಗಂತದವರೆಗೂ ಜಳ ಆಡುತ್ತಿತ್ತು. ನೀರಿಲ್ಲದ ಕೆರೆಯಲ್ಲಿ ನೀರಿನ ಹಾಗೆಯೇ ಏನೋ ಅಲುಗುತ್ತಿತ್ತು. ಮೇಲಿನ ಊರು, ಶಾಲೆಯ ಗಂಟೆ, ಟ್ರ್ಯಾಕ್ಟರಿನ ಸದ್ದು ಎಲ್ಲವೂ ಬಲು ದೂರದ್ದೆನಿಸಿದವು. ನಮ್ಮ ತಲೆಯ ಮೇಲೆ ಎರಡಾಳೆತ್ತರ ನೀರು ಇರಬೇಕಾದ ಜಾಗದಲ್ಲಿ ನಾವು ನಡೆಯುತ್ತಿದ್ದೇವೆ ಎಂದು ನೆನೆದು ಒಮ್ಮೆ ಉಸಿರು ಹಿಡಿದೆ.

ಅಜ್ಜಿ ದಾರಿ ಹುಡುಕಲಿಲ್ಲ. ಬೀದಿಯಲ್ಲಿ ನಡೆಯುವವರ ಹಾಗೆ ನಡೆದಳು. ಒಂದು ಕಡೆ ಬಲಕ್ಕೆ ತಿರುಗಿದಳು, ಅಲ್ಲಿ ತಿರುಗಲು ಕಾರಣವಾಗುವಂಥದು ಏನೂ ಕಾಣಲಿಲ್ಲ. "ಬಾವಿ ಕಟ್ಟೆ. ಸುತ್ಕೊಂಡು ಬಾ" ಎಂದಳು. ನಾನೂ ಸುತ್ತಿಕೊಂಡು ಹೋದೆ. ಗೆರೆಗಳ ನಡುವೆ ಒಂದು ಕಡೆ ನಿಂತು ಕೋಲಿನಿಂದ ನೆಲ ತಟ್ಟಿದಳು. ಇನ್ನೆರಡು ಹೆಜ್ಜೆ ಸರಿದು ತಟ್ಟಿದಳು. ಠಣ್ ಎಂದಿತು. ಕೂತು ಕೈಯಿಂದ ಮಣ್ಣು ಬಿಡಿಸತೊಡಗಿದಳು. ನಾನೂ ಕೂತೆ. ಅರ್ಧ ಗಂಟೆ ಬಿಡಿಸಿದ ಮೇಲೆ ನೆಲಕ್ಕೆ ಹೂತಿದ್ದ ಒರಳು ಕಲ್ಲಿನ ಬಾಯಿ ಕಂಡಿತು. ಒಳಗೆ ಹೂಳು ತುಂಬಿತ್ತು. ಆಕೆ ಬೆರಳಿನಿಂದ ತೋಡಿ ತೋಡಿ ತೆಗೆದು, ಸೆರಗಿನ ತುದಿಯಿಂದ ಒರೆಸಿದಳು. ಒಳಗಿನ ಕಲ್ಲು ಕುಟ್ಟಿ ಕುಟ್ಟಿ ನುಣುಪಾದದ್ದು, ಬಿಸಿಲಿಗೆ ಮಿಂಚಿತು.

"ನಮ್ಮತ್ತೆದು," ಎಂದಳು. "ಇದ ಕೀಳಾಕೆ ಆಗ್ನಿಲ್ಲ."

ಅಲ್ಲಿಯೇ, ಬಿಸಿಲಿನಲ್ಲಿ, ಒರಳಿನ ಪಕ್ಕ ಕಾಲು ಚಾಚಿ ಕೂತು ಆಕೆ ಹೇಳಿದ್ದನ್ನು ನಾನು ಫಾರಂ ಹಿಂದೆ ಬರೆಯಲಿಲ್ಲ. ನೆನಪಿನಲ್ಲಿ ಇಟ್ಟುಕೊಂಡೆ.

ಆಕೆ ತಗಡೂರಿನ ಕಡೆಯ ಒಂದು ಹಳ್ಳಿಯಿಂದ ಮದುವೆಯಾಗಿ ಈ ಬೀದಿಗೆ ಬಂದು ಎರಡು ವರ್ಷವಾಗಿತ್ತು. ನಾಲೆ ಬರುತ್ತದೆ, ಬೀದಿ ಮುಳುಗುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿದ್ದರು. ಜನ ಬಾಗಿಲು, ತೊಲೆ, ಹೆಂಚು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ದಿಬ್ಬ ಹತ್ತಿದರು. ಅವಳ ಅತ್ತೆ ಮಾತ್ರ ಒಂದು ಮಡಕೆಯನ್ನೂ ಅಲುಗಿಸಲಿಲ್ಲ. ಮಾವ ಅಷ್ಟರಲ್ಲಿ ಇರಲಿಲ್ಲ. ಗಂಡನೇ ಊರಿನ ನೀರುಗಂಟಿ. ನಾಲೆಯಿಂದ ನೀರು ಬಿಡುವ ದಿನ ಬಂತು. ಹೊಸ ಕೆರೆ ತುಂಬಬೇಕಾದರೆ ತೂಬು ಮುಚ್ಚಬೇಕು. ಅದನ್ನು ಮುಚ್ಚುವವನು ಆತನೇ.

"ಬೆಳಗ್ಗೆ ಎದ್ದು ಮಿಂದು ಓದ್ರು. ತೂಬಿನ ಬಾಯ್ಗೆ ಬಿರಡೆ ಆಕುದ್ರು. ಅಲ್ಲೇ ಕಲ್ಲಿನ ಮ್ಯಾಲೆ ಕುಂತ್ರು. ಮೂರ್ ದಿನ ಈ ಕಡೆ ತಿರುಗಿ ನೋಡ್ನಿಲ್ಲ. ಬೀದಿಗೆ ಬೆನ್ನು, ಗದ್ದೆಗೆ ಮೊಕ."

ನೀರು ಧುಮುಕಿಕೊಂಡು ಬರಲಿಲ್ಲವಂತೆ. ಚಾಪೆ ಹಾಸಿದ ಹಾಗೆ ನಿಧಾನವಾಗಿ, ಮುಂಚೂಣಿಯಲ್ಲಿ ಇರುವೆ, ಹುಲ್ಲುಕಡ್ಡಿ, ತರಗೆಲೆಗಳನ್ನು ತಳ್ಳಿಕೊಂಡು ಬಂತು. ಮೂರನೆಯ ದಿನ ಬೀದಿಗೆ ಬಂತು. ಅತ್ತೆ ಒಳಗೇ ಇದ್ದಳು. ಕರೆಯಲು ಹೋದ ಗಂಡಸರನ್ನೆಲ್ಲ ಬೈದು ಕಳಿಸಿದ್ದಳು. ಸೊಸೆಗೆ, ಎಂದರೆ ಈ ಅಜ್ಜಿಗೆ, ಆಗ ಏಳು ತಿಂಗಳ ಬಸಿರು. ಯಾರಿಗೂ ಹೇಳದೆ ಆಕೆ ಇಳಿದು ಬಂದಳು. ಪಾದ ಮುಳುಗುವಷ್ಟು ನೀರು. ತೊಲೆ ಬಿಚ್ಚಿದ ಮನೆಗಳೆಲ್ಲ ಬಾಯಿ ತೆರೆದು ನಿಂತಿದ್ದವು. ಒಂದು ಮನೆಯಿಂದ ಮಾತ್ರ ಕುಟ್ಟುವ ಸದ್ದು ಬರುತ್ತಿತ್ತು. ಅತ್ತೆ ಒರಳಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು.

ಅಜ್ಜಿ ಇಬ್ಬರ ದನಿಯನ್ನೂ ಮಾಡಿ ತೋರಿಸಿದಳು.

"'ನೀ ಯಾಕ್ ಬಂದೆ?' ಅಂದ್ಲು. 'ಉಣ್ಣಾಕೆ ಬಂದೆ' ಅಂದೆ. 'ಮ್ಯಾಲೆ ಒಲೆ ಇಲ್ವಾ?' ಅಂದ್ಲು. 'ಒಲೆ ಅದೆ, ಕಾರ ಇಲ್ಲ' ಅಂದೆ. ಒನಕೆ ನಿಲ್ಲುಸ್ಲಿಲ್ಲ ಅವಳು. ನಾನು ಪಕ್ಕದಲ್ಲಿ ಕುಂತೆ. 'ನೀನು ಏಳೋಗಂಟ ನಾನೂ ಏಳಾಕಿಲ್ಲ ಅತ್ತೆವ್ವ' ಅಂದೆ."

ಹೊಸ್ತಿಲು ದಾಟಿ ನೀರು ಒಳಗೆ ಬಂತು. ಸೊಸೆಯ ಸೀರೆಯ ಅಂಚು ನೆನೆಯಿತು. ಅತ್ತೆ ನೀರನ್ನು ನೋಡಿದಳು, ಸೊಸೆಯ ಹೊಟ್ಟೆಯನ್ನು ನೋಡಿದಳು. ಕೊನೆಗೆ ಒರಳಿನಲ್ಲಿದ್ದ ಕಾರದ ಪುಡಿಯನ್ನೆಲ್ಲ ಒಂದು ಚೂರೂ ಬಿಡದೆ ಸೆರಗಿಗೆ ಬಳಿದುಕೊಂಡು, ಒನಕೆಯನ್ನು ಸೊಸೆಯ ಕೈಗೆ ಕೊಟ್ಟು, "ಇದ ಇಡ್ಕೊ" ಎಂದು ಎದ್ದಳು. ಹಿಂದಕ್ಕೆ ತಿರುಗಿ ನೋಡಲಿಲ್ಲ. ಏರಿ ಹತ್ತಿ, ತೂಬಿನ ಕಲ್ಲಿನ ಮೇಲೆ ಕೂತಿದ್ದ ಮಗನ ಪಕ್ಕದಲ್ಲೇ ಹಾದು ಹೋದಳು. ನಿಲ್ಲಲಿಲ್ಲ. ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟಳು.

"ನಾಕು ವರ್ಸ. ನನ್ನ ಬಾಯಲ್ಲೇ ತಾಯಿ ಮಗ ಮಾತಾಡಿದ್ದು. ಅವ್ರು ಜಗುಲೀಲಿ, ಅವಳು ಒಲೆ ಮುಂದೆ. 'ನಿನ್ ಗಂಡಂಗೆ ಯೋಳು' ಅನ್ನೋಳು. 'ಅಟ್ಟಿ ಮುಳುಗ್ಸಿದ ಕೈಲಿ ಮುದ್ದೆ ಮುರೀತಾನಲ್ಲ, ಗಂಟ್ಲಲ್ಲಿ ಇಳೀತದಾ ಕೇಳು' ಅನ್ನೋಳು. ನಾನು ಈಚೆಗೆ ಬಂದು, 'ಸಾರು ಸಾಕಾ ಅಂತ ಕೇಳ್ತಾವ್ಳೆ ನಿಮ್ಮವ್ವ' ಅನ್ನೀನಿ. ಅವ್ರು, 'ನಾನು ಸರ್ಕಾರದ ಆಳು, ಇದ್ದ ಕೆಲ್ಸ ಮಾಡ್ದೆ, ಅವಳಿಗೆ ಬೇಕಾದ್ರೆ ಬೇರೆ ಒಲೆ ಊಡ್ಕೊಳ್ಲಿ ಅನ್ನು' ಅನ್ನೋರು. ನಾನು ಒಳಗೋಗಿ, 'ಒಗೆ ಜಾಸ್ತಿ ಆದ್ರೆ ಒಲೆ ಬದಲಾಯ್ಸಿ ಕೊಡ್ತೀನಿ ಅಂತಾವ್ರೆ' ಅನ್ನೀನಿ."

ನಾನು ನಕ್ಕೆ. ಆಕೆಯೂ ನಕ್ಕಳು. ಆಮೇಲೆ ಒರಳಿನ ಒಳಗೆ ಕೈಯಿಟ್ಟು ಸುಮ್ಮನೆ ಸವರುತ್ತಾ ಕೂತಳು.

ನಾಲ್ಕನೆಯ ವರ್ಷದ ಕಾರ್ತಿಕದಲ್ಲಿ ಅತ್ತೆ ಹಾಸಿಗೆ ಹಿಡಿದಳು. ಒಂದು ಸಂಜೆ ಸೊಸೆಯನ್ನು ಹತ್ತಿರ ಕೂರಿಸಿಕೊಂಡು, "ನಾನಂದಿದ್ದೇ ಒಂದು, ನೀನು ಅವಂಗೆ ಯೋಳ್ತಿದ್ದದ್ದೇ ಒಂದು" ಎಂದಳಂತೆ. ಸೊಸೆಗೆ ಭಯವಾಯಿತು. ಯಾರು ಹೇಳಿದರು ಎಂದು ಕೇಳಿದಳು.

"'ಯಾರ್ಯಾಕೆ ಯೋಳ್ಬೇಕು? ಮಣ್ಣಿನ ಗ್ವಾಡೆ ಕಣೆ ಅದು. ನನ್ ಕಿವಿ ಚೆಂದಾಗೇ ಅವೆ' ಅಂದ್ಲು. ನಾಕು ವರ್ಸ ಎಲ್ಲ ಕೇಳುಸ್ಕೊಂಡೇ ಇದ್ದೋಳೆ. 'ಓಗು, ಅವನ್ನ ಕರಿ. ಇವತ್ತು ನಾನೇ ಯೋಳ್ತೀನಿ' ಅಂದ್ಲು. ಕರ್ದೆ. ಅವ್ರು ಬಂದು ಬಾಗಿಲಲ್ಲಿ ನಿಂತ್ರು. ಏನಂದ್ಲು ಗೊತ್ತಾ? 'ಗದ್ದೆಗೆ ನೀರ್ ಬುಟ್ಯಾ ಮಗ' ಅಂದ್ಲು. 'ಬುಟ್ಟೆ ಕಣವ್ವ' ಅಂದ್ರು. ಅಟ್ಟೇ. ಎಂಟ್ ದಿನ ಇದ್ಲು ಆಮ್ಯಾಕೆ. ಎಂಟ್ ದಿನಾನೂ ಅದ್ನೇ ಕೇಳುದ್ಲು."

"ಅಜ್ಜನಿಗೂ ಕೇಳಿಸುತ್ತಿತ್ತಾ, ಗೋಡೆಯ ಆಚೆಯಿಂದ?" ಎಂದೆ.

"ಕೇಳ್ತಿತ್ತೋ ಏನೋ. ನಾನು ಅವ್ರುನ್ನ ಕೇಳ್ನಿಲ್ಲ, ಅವ್ರೂ ಯೋಳ್ನಿಲ್ಲ."

ಆಕೆ ನನ್ನ ಕಡೆ ತಿರುಗಿ ಕೇಳಿದಳು. "ನೀನು ಓದಾಕ್ ಬಾರ್ದೋರ್ಗೆ ಕಾಗ್ದ ಓದಿ ಯೋಳ್ತೀಯಲ್ಲ. ಬರ್ದಂಗೇ ಓದೀಯಾ?"

"ಬರೆದ ಹಾಗೇ ಓದಬೇಕು ಅಜ್ಜಿ. ಕೆಲಸ ಅದು."

"ಅದ್ಸರಿ. ಓದೀಯಾ?"

ಸುಳ್ಳು ಹೇಳಲು ಆ ಜಾಗದಲ್ಲಿ ಆಗಲಿಲ್ಲ. ಒಮ್ಮೆ ತಪ್ಪಿದ್ದೆ. ಊರಿನ ಒಬ್ಬ ಮುದುಕನಿಗೆ ಬನ್ನೂರಿನಲ್ಲಿದ್ದ ತಮ್ಮನಿಂದ ಪತ್ರ ಬಂದಿತ್ತು. ತಾಯಿಯ ತಿಥಿಯ ದಿನ ತಿಳಿಸಿ, ಕೊನೆಯಲ್ಲಿ, ನೀನು ಬರಬೇಕಾಗಿಲ್ಲ, ನಿನ್ನ ಮುಖ ನೋಡುವ ಇಷ್ಟ ನಮಗಿಲ್ಲ ಎಂದು ಬರೆದಿತ್ತು. ಆತ ನನ್ನ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದ. ನಾನು ದಿನ ಓದಿದೆ, ಕೊನೆಯ ಸಾಲು ಓದಲಿಲ್ಲ. ಪತ್ರ ಮಡಿಸಿ ಕೊಟ್ಟೆ. ತಿಥಿಯ ದಿನ ಆತ ಒಂದು ರಸಬಾಳೆಯ ಗೊನೆ ಹೊತ್ತು ಬೆಳಗಿನ ಬಸ್ಸಿಗೆ ಏರಿಯ ಮೇಲೆ ನಡೆದು ಹೋದದ್ದನ್ನು ಕಿಟಕಿಯಿಂದ ನೋಡಿದೆ. ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಬಂದ, ಗೊನೆ ಇರಲಿಲ್ಲ. ಆಫೀಸಿನ ಮುಂದೆ ಹಾದು ಹೋಗುವಾಗ ತಲೆಯಾಡಿಸಿದ. ಅಲ್ಲಿ ಏನಾಯಿತೆಂದು ಹೇಳಲಿಲ್ಲ. ನನಗೆ ಕೇಳುವ ಧೈರ್ಯ ಬರಲಿಲ್ಲ. ಇವತ್ತಿಗೂ ನಾನು ಮಾಡಿದ್ದು ಸರಿಯೆಂದು ಹೇಳಲಾರೆ.

ಅಜ್ಜಿ ಎಲ್ಲ ಕೇಳಿಸಿಕೊಂಡಳು. "ಏಳು, ಆಪೀಸಿಗೆ ಒತ್ತಾಯ್ತು" ಎಂದು ಕೈ ಚಾಚಿದಳು. ಎಬ್ಬಿಸಿದೆ.

ಮರುದಿನ ಸಂಜೆ ಬಟ್ಟೆ ಒಗೆಯುವ ಹೆಂಗಸರಲ್ಲಿ ಇಬ್ಬರು ಅಜ್ಜಿಯನ್ನು ಕೇಳಿಕೊಂಡು ಬಂದರು. ತಮ್ಮ ಅಜ್ಜಿಯ ಮನೆ ಎಲ್ಲಿತ್ತು, ತೋರಿಸುತ್ತೀಯಾ ಎಂದು. ಅದರ ಮರುದಿನ ಏಳೆಂಟು ಜನ. ವಾರ ಕಳೆಯುವುದರೊಳಗೆ ಸಂಜೆಯ ಹೊತ್ತಿಗೆ ಊರಿನ ಅರ್ಧ ಜನ ಕೆರೆಯ ಅಂಗಳದಲ್ಲಿರುತ್ತಿದ್ದರು. ಬಿಸಿಲು ತಗ್ಗಿ ಮಣ್ಣಿನ ಬಣ್ಣ ಬೂದಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ ತಿರುಗುವವರೆಗೂ ಅವರು ಮನೆಯಿಲ್ಲದ ಬೀದಿಯಲ್ಲಿ ಓಡಾಡುತ್ತಿದ್ದರು. ಅಜ್ಜಿ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ತನ್ನ ಒರಳಿನ ಪಕ್ಕ ಕೂತು, ಕೋಲಿನಿಂದ ತೋರಿಸುತ್ತಿದ್ದಳು. ಇದು ಇಂಥವರದು, ಅದು ಇಂಥವರದು. ಜನ ತಮ್ಮ ತಮ್ಮ ಜಾಗದಲ್ಲಿ ಹೋಗಿ ಕೂರುತ್ತಿದ್ದರು. ಯಾರೋ ಫ್ಲಾಸ್ಕಿನಲ್ಲಿ ಕಾಫಿ ತಂದರು. "ಒಳಕ್ ಬಾ" ಎಂದು ಒಬ್ಬಳು ಗೆರೆಯ ಆಚೆಯಿಂದ ಕರೆದರೆ, ಇನ್ನೊಬ್ಬಳು ನಿಜವಾಗಿಯೂ ಬಾಗಿಲಿದ್ದ ಕಡೆ ಸುತ್ತಿಕೊಂಡು ಬಂದು, ಹೊಸ್ತಿಲನ್ನು ದಾಟುವ ಹಾಗೆ ಕಾಲೆತ್ತಿ ಇಟ್ಟಳು. ಯಾರೂ ನಗಲಿಲ್ಲ. ನಾನು ಫಾರಂಗಳನ್ನು ಅಂಟಿಸಿ ದೊಡ್ಡ ಹಾಳೆ ಮಾಡಿಕೊಂಡು ಬೀದಿಯ ನಕ್ಷೆ ಬರೆದೆ. ಹದಿನೆಂಟು ಮನೆ, ಒಂದು ಬಾವಿ, ಒಂದು ಹಟ್ಟಿ ಮಾರಮ್ಮನ ಕಲ್ಲು.

ಟ್ರ್ಯಾಕ್ಟರುಗಳು ಗೆರೆಗಳಿಗೆ ತೀರ ಹತ್ತಿರ ಬಂದ ದಿನ ಮೇಲುಬೀದಿಯ ಆ ಹಿರಿಯ ರೈತರು ಇಳಿದು ಬಂದರು. ಮಣ್ಣು ಸಾಗಿಸುವ ಕೆಲಸ ನೋಡಿಕೊಳ್ಳುತ್ತಿದ್ದವರು ಅವರೇ. ಒಳ್ಳೆಯ ಹೂಳು ಇರುವುದೇ ಈ ಭಾಗದಲ್ಲಿ, ಅಗೆಯದೆ ಬಿಡಲಾಗುವುದಿಲ್ಲ ಎಂದು ಮೆಲ್ಲಗೇ ಹೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಅಜ್ಜಿ ವಾದ ಮಾಡಲಿಲ್ಲ. "ಬಾಪ್ಪ, ಇಲ್ಲಿ" ಎಂದು ಅವರನ್ನು ಬೀದಿಯ ಕೊನೆಯವರೆಗೆ ಕರೆದುಕೊಂಡು ಹೋದಳು. ಅಲ್ಲಿ ಮಣ್ಣಿನಲ್ಲಿ ಉದ್ದನೆಯ ಎರಡು ಗೆರೆ. "ಇದು ನಿಮ್ಮ ತಾತನ ಕೊಟ್ಟಿಗೆ. ನಿಮ್ಮ ಸೋದರತ್ತೆ ಹುಟ್ಟಿದ್ದು ಇಲ್ಲೇ ಅಂತ ನಮ್ಮತ್ತೆ ಯೋಳೋಳು. ಮಳೆ ಉಯ್ದು ದಿಬ್ಬ ಅತ್ತಾಕೆ ಆಗ್ದೆ, ನಿಮ್ಮಜ್ಜೀನ ಇಲ್ಲೇ ಮಲಗ್ಸಿ, ನಮ್ಮತ್ತೇನೇ ಬಾಣಂತನ ಮಾಡಿದ್ಲಂತೆ. ಮೂರ್ ದಿನ."

"ನಮ್ಮಜ್ಜೀನಾ? ಇಲ್ಲೇನಾ?" ಎಂದರು ಅವರು. "ನಮ್ಮೋರು ಯಾವತ್ತೂ ಕೆಳಬೀದೀಲಿ ಇದ್ದೇ ಇಲ್ಲ ಅಂತ ಅಪ್ಪಯ್ಯ ಯೋಳೋರಲ್ಲಜ್ಜಿ."

"ನಿಮ್ಮಪ್ಪಯ್ಯ ಆಗಿನ್ನೂ ಸಣ್ ಮಗ."

ಅವರು ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಆ ಗೆರೆಗಳ ನಡುವೆ ಬಹಳ ಹೊತ್ತು ನಿಂತರು. ಆ ಸೋದರತ್ತೆ ನರಸೀಪುರದಲ್ಲಿ ಇನ್ನೂ ಇದ್ದಾರಂತೆ, ತೊಂಬತ್ತರ ಹತ್ತಿರ. ಮೊಬೈಲು ತೆಗೆದು ಯಾರಿಗೋ ಫೋನು ಮಾಡಿ, ಅತ್ತೆಗೆ ಕೊಡು ಎಂದರು. ಅತ್ತಲಿನ ಮಾತು ನಮಗೆ ಕೇಳಿಸಲಿಲ್ಲ. ಇವರು ಹೂಂ, ಹೂಂ ಎನ್ನುತ್ತಾ ದೂರ ನಡೆದು ಹೋದರು. ಹಿಂದಿರುಗಿ ಬಂದಾಗ ಟ್ರ್ಯಾಕ್ಟರಿನವರನ್ನು ಕರೆದು, "ಬಾವಿಯಿಂದ ಕೊಟ್ಟಿಗೆ ಗಂಟ ಮುಟ್ಟಬ್ಯಾಡ್ರಲಾ. ಕೋಡಿ ಕಡೆ ಓಗಿ" ಎಂದರು. ಆ ಪಟ್ಟಿ ಹಾಗೆಯೇ ಉಳಿಯಿತು.

ತೂಬಿನ ಕೆಲಸ ಮುಗಿಯಿತು. ಹಳೆಯ ಕಲ್ಲಿನ ಜಾಗದಲ್ಲಿ ತಿರುಗಿಸುವ ಚಕ್ರದ ಗೇಟು ಬಂತು. ಮುಂಗಾರು ಒಂದೆರಡು ಹದ ಬಿದ್ದ ಮೇಲೆ ನಾಲೆಯಲ್ಲಿ ನೀರು ಬಿಡುತ್ತಾರೆಂಬ ಸುದ್ದಿ ಬಂತು. ಈಗ ನೀರುಗಂಟಿ ಎಂದು ಯಾರೂ ಇಲ್ಲ. ಗೇಟು ನೋಡಿಕೊಳ್ಳಲು ಊರಿನವರೇ ಒಬ್ಬನಿಗೆ ಹೇಳಿದ್ದರು, ನಲವತ್ತರ ಗಂಡಸು, ಕೆಳಬೀದಿಯವರ ಮೊಮ್ಮಗ. ಆ ಬೆಳಿಗ್ಗೆ ಆತ ಚಪ್ಪಲಿ ಬಿಟ್ಟು ನಮ್ಮ ಜಗುಲಿಯ ಮುಂದೆ ನಿಂತ.

"ಅಜ್ಜಿ, ಇವತ್ ನೀರು ಬತ್ತದೆ. ಮುಚ್ಲಾ?"

ಅಜ್ಜಿ ಒಳಗಿನಿಂದ ಬಂದಳು. ಕೇಳಿ ಬಾ ಎಂದು ಅವನನ್ನು ಯಾರೂ ಕಳಿಸಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಮಗ ಕಾರ್ಖಾನೆಗೆ ಹೊರಟವರು ಶರ್ಟಿನ ಗುಂಡಿ ಹಾಕುತ್ತಾ ನಿಂತುಬಿಟ್ಟರು. ಬೀದಿ ಮುಳುಗಿದಾಗ ಹೊಟ್ಟೆಯಲ್ಲಿದ್ದವರು ಇವರೇ.

"ಉಂಡ್ಯಾ?" ಎಂದಳು ಅಜ್ಜಿ.

"ಇಲ್ಲ."

"ಉಂಡು ಓಗು. ಮುಚ್ಚು. ಮುಚ್ಚಿ ಅಲ್ಲೇ ಕುಂತಿರ್ಬ್ಯಾಡ, ಮನೆಗೆ ಬಾ."

ಸೊಸೆ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ಆತ ಜಗುಲಿಯ ಮೇಲೆ ಕೂತು ಉಂಡು, ಕೈ ತೊಳೆದು ಹೋದ.

ನೀರು ಬಂದದ್ದನ್ನು ನಾನು ಆಫೀಸಿನ ಕಿಟಕಿಯಿಂದ ನಾಲ್ಕು ದಿನ ನೋಡಿದೆ. ಅಜ್ಜಿ ಹೇಳಿದ ಹಾಗೆಯೇ, ಚಾಪೆ ಬಿಚ್ಚಿದಂತೆ. ಸಂಜೆಗೆ ಹೋಗಿ ದಂಡೆಯಲ್ಲಿ ನಿಂತರೆ ಬಿರುಕುಗಳು ನೀರು ಕುಡಿಯುವ ಸಣ್ಣ ಸದ್ದು ಎಲ್ಲ ಕಡೆಯಿಂದ ಕೇಳುತ್ತಿತ್ತು. ಗೆರೆಗಳು ಮೊದಲು ಮಿಂಚಿ, ಆಮೇಲೆ ಮಸುಕಾಗಿ, ಆಮೇಲೆ ಇಲ್ಲವಾದವು. ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅವರು ಎಲ್ಲ ಕೇಳಿ, "ಆ ನಕ್ಷೆ ಒಂದು ಪ್ರತಿ ನನಗೆ ಕಳಿಸು, ನೋಡೋಣ" ಎಂದರು. ಅಂಚೆಯಲ್ಲೇ ಕಳಿಸಿದೆ. ಮುಂದಿನ ತಿಂಗಳು ಅಮ್ಮನ ಜೊತೆ ಅವರು ಆ ಊರಿಗೆ ಮೊದಲ ಸಲ ಬಂದರು. ಜಗುಲಿಯ ಮೇಲೆ ಕೂತು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ಬಾವಿಯ ಅಳತೆ ಸರಿಯಿಲ್ಲವೆಂದು ನಕ್ಷೆಯ ಮೇಲೆ ಬೆರಳಿಟ್ಟು ಆಕೆಯ ಜೊತೆ ಒಂದು ಗಂಟೆ ಚರ್ಚೆ ಮಾಡಿದರು. ಅಜ್ಜಿಯೇ ಗೆದ್ದಳು.

ಆ ವರ್ಷ ಕೆರೆ ಕೋಡಿ ಬಿದ್ದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಮೀನು ಹಿಡಿಯುವವನು ತನ್ನ ಹರಿಗೋಲನ್ನು ಮೆಟ್ಟಿಲ ಹತ್ತಿರ ತಂದು ಅಜ್ಜಿಯನ್ನು ಕರೆದ. ಇಷ್ಟು ವರ್ಷ ಕೆರೆಯ ಪಕ್ಕ ಇದ್ದೂ ಆಕೆ ಒಮ್ಮೆಯೂ ನೀರಿನ ಮೇಲೆ ಹೋಗಿರಲಿಲ್ಲ. ಮೊದಲು ಬೇಡವೆಂದಳು, ಆಮೇಲೆ ನನ್ನ ಕೈ ಹಿಡಿದು ಹತ್ತಿದಳು. ಮೂವರೂ ಮಂಜಿನೊಳಗೆ ಹೋದೆವು. ಹುಟ್ಟಿನ ಸದ್ದೊಂದೇ. ದಂಡೆ ಕಾಣದಾಯಿತು. ಅಜ್ಜಿ ಅಂಚಿಗೆ ಬಗ್ಗಿ ನೀರಿನೊಳಗೆ ನೋಡುತ್ತಾ, ಹೆಸರು ಹಿಡಿದು ಒಂದೊಂದೇ ಮನೆ ದಾಟಿಸಿದಳು. ಒಂದು ಕಡೆ, "ನಿಲ್ಲುಸು" ಎಂದಳು.

ಆತ ಹುಟ್ಟು ಎತ್ತಿದ. ಹರಿಗೋಲು ನಿಲ್ಲಲಿಲ್ಲ, ನಿಂತಲ್ಲೇ ಮೆಲ್ಲನೆ ಸುತ್ತತೊಡಗಿತು. ಕೆಳಗೆ ಹಸಿರು ಕತ್ತಲು. ಅಜ್ಜಿ ಅಂಗೈಯನ್ನು ನೀರಿಗಿಟ್ಟು, ಮಲಗಿದ ಮಗುವಿನ ಬೆನ್ನ ಮೇಲೆ ಇಡುವ ಹಾಗೆ, ಅಲುಗಿಸದೆ ಹಿಡಿದಳು. ಮಂಜು ಸುತ್ತಿತು, ಅದರಾಚೆಯ ಬೆಳಕು ಸುತ್ತಿತು, ನಾವು ಮೂವರೂ ಸುತ್ತಿದೆವು. ಎಷ್ಟು ಹೊತ್ತೋ ತಿಳಿಯದು.

"ಸಾಕು ಕಣಪ್ಪ," ಎಂದಳು ಅಜ್ಜಿ ಕೊನೆಗೆ, ಕೈ ಒರೆಸಿಕೊಳ್ಳುತ್ತಾ. "ತಲೆ ತಿರುಗ್ತದೆ. ದಡಕ್ಕೆ ನಡಿ."